ಬೆಟ್ಟದ ಬುಡದಲ್ಲಿ ನೀನು ಕೊಟ್ಟ ಉತ್ತರ

ಗೆಳೆಯ ಮುಕುಂದನಿಗೆ,

ಉಭಯ ಕುಶಲೋಪರಿ ಎಂದು ಬರೆಯುವ ಸ್ಥಿತಿಯಲ್ಲಿ ನಾವಿಬ್ಬರೂ ಇಲ್ಲ. ‘ಪ್ರಿಯ’ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಆದ್ದರಿಂದ ನೇರವಾಗಿ ಸಂಗತಿಗಳಿಗೆ ಬರುತ್ತೇನೆ.

೧. ಕಳೆದ ವರ್ಷ ರಂಜಾನ್ ತಿಂಗಳ ಒಂದು ಭಾನುವಾರ, ಕೋಲಾರದ ಅಂತರಗಂಗೆ ಬೆಟ್ಟದಲ್ಲಿ, ಗವಿಗಳು ಇನ್ನೂ ಸ್ವಲ್ಪ ಮೇಲಿರುವಾಗಲೇ ನೀನು ತೀರಿಕೊಂಡೆ.

೨. ಹತ್ತುವ ಮೊದಲು, ನಮ್ಮ ವಾಡಿಕೆಯಂತೆ, ಬುಡದಲ್ಲಿ ನಾನು ನಿನ್ನನ್ನು ಕೇಳಿದ್ದೆ: ಕಾಲು? ಉಸಿರು? ಹೊಟ್ಟೆ? ಮೂರಕ್ಕೂ ನೀನು ಬಾಯಿಬಿಟ್ಟು ‘ಸರಿ’ ಎಂದು ಉತ್ತರ ಕೊಟ್ಟಿದ್ದೆ.

೩. ಎರಡನೆಯ ಉತ್ತರ ಸುಳ್ಳು. ನಿನಗೆ ಹೃದಯದ ಕಾಯಿಲೆ ಇದೆಯೆಂಬುದು ಅದಕ್ಕೂ ಕೆಲವು ತಿಂಗಳ ಹಿಂದೆಯೇ ನಿನಗೆ ತಿಳಿದಿತ್ತು. ಬೆಟ್ಟ ಹತ್ತಕೂಡದೆಂದು ವೈದ್ಯರು ಹೇಳಿದ್ದರು.

೪. ಇದು ನಮ್ಮ ರಹಮತ್‌ಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

೫. ನಿನ್ನ ಹೆಂಡತಿ ಶಾರದಮ್ಮನವರಿಗೆ ಇಂದಿಗೂ ಗೊತ್ತಿಲ್ಲ.

ಮೊದಲ ನಾಲ್ಕನ್ನು ಇನ್ನು ಯಾರೂ ತಿದ್ದಲಾರರು. ಐದನೆಯದನ್ನು ತಿದ್ದಬಹುದು. ಈ ಪತ್ರ ಅದನ್ನು ಕುರಿತದ್ದು. ಆದರೆ ಅದಕ್ಕೆ ಮುನ್ನ ನಿನ್ನ ಮೇಲೆ ನನಗಿರುವ ಕೋಪವನ್ನು ಹೇಳಿ ಮುಗಿಸಬೇಕು. ನಾನು ಮಾತು ಕಡಿಮೆಯವನೆಂದು ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನೀನು ಎಷ್ಟು ಸಲ ನಕ್ಕಿಲ್ಲ? ಇವತ್ತು ಕೇಳು.

ಮುತ್ಯಾಲಮಡುವಿನ ಆ ಮಧ್ಯಾಹ್ನವನ್ನು ನೀನು ಮರೆತಿರಲು ಸಾಧ್ಯವಿಲ್ಲ. ಅರವತ್ತರ ದಶಕದ ಮಾತು, ನಮಗಿನ್ನೂ ನಲವತ್ತು ತುಂಬಿರಲಿಲ್ಲ. ಆನೇಕಲ್ಲಿನಲ್ಲಿ ಬಸ್ಸಿಳಿದು, ರಾಗಿ ಹೊಲಗಳ ಬದುವಿನ ಮೇಲೆ ನಡೆದು, ಜಲಪಾತದ ಕಣಿವೆಗೆ ಇಳಿದಿದ್ದೆವು: ನೀನು, ನಾನು, ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ರಹಮತ್. ನಮ್ಮ ಬೆನ್ನಚೀಲಗಳೂ ಅವನ ಕೈಯವೇ. ಶಿವಾಜಿನಗರದಲ್ಲಿ ಸಿಗುತ್ತಿದ್ದ ಹಳೆಯ ಮಿಲಿಟರಿ ಕ್ಯಾನ್ವಾಸಿನಿಂದ ಹೊಲಿದುಕೊಟ್ಟಿದ್ದ. ಬಸ್ಸಿಳಿಯುವಾಗಲೇ ಅವನ ಕಾಲು ಉಳುಕಿತ್ತು. ಹೇಳಲಿಲ್ಲ. ನೀರಿನ ಕೆಳಗೆ ನಿಂತು ನಮ್ಮಷ್ಟೇ ಕೂಗಾಡಿದ. ಮೇಲೆ ಹತ್ತಲು ಹೊರಟಾಗ ಕಾಲು ಊರಲಾಗದೆ ಬಂಡೆಯ ಮೇಲೆ ಕೂತುಬಿಟ್ಟ. ಊದಿಕೊಂಡ ಪಾದವನ್ನು ನೋಡಿ ನಿನಗೆ ಬಂದ ಸಿಟ್ಟು!

“ಯಾವಾಗಿಂದ ಇದು?”

“ಬಸ್ಸಿಳಿಯೋವಾಗ್ಲೇ, ಭಾಯ್.”

“ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳೋಕೇನಾಗಿತ್ತು?”

“ಹೇಳಿದ್ರೆ ವಾಪಸ್ ಹೋಗೋಣ ಅಂತಿದ್ರಿ. ನನ್ನಿಂದ ನಿಮ್ಮ ಭಾನುವಾರ ಯಾಕೆ ಹಾಳಾಗ್ಬೇಕು?”

“ಈಗ ನನ್ನ ಭಾನುವಾರ ಭಾಳ ಚೆನ್ನಾಗಾಯ್ತಲ್ಲಾ! ಹತ್ತು ಬೆನ್ನ ಮೇಲೆ.”

ನೀನು ಅವನನ್ನು ಹೊತ್ತು ಕಣಿವೆಯ ದಾರಿ ಹತ್ತಿದೆ. ಉದ್ದಕ್ಕೂ ಬೈದೆ. “ರಸೆಲ್ ಮಾರ್ಕೆಟ್ಟಿನ ಕುರಿಯೆಲ್ಲಾ ನೀನೊಬ್ಬನೇ ತಿಂತೀಯೇನೋ” ಎಂದು ನೀನು ಏದುಸಿರು ಬಿಟ್ಟರೆ ಅವನು ನಿನ್ನ ಕಿವಿಯ ಬಳಿ, “ಇಲ್ಲಪ್ಪ, ನಿಮ್ಮನೆ ಪುಳಿಯೋಗರೆ ಭಾರ ಇದು” ಎಂದ. ನಾನು ಮೂರೂ ಚೀಲಗಳನ್ನು ಹೊತ್ತು ಹಿಂದೆ ಬರುತ್ತಿದ್ದೆ. ಮೇಲೆ ಬಂದು ಅವನನ್ನು ಇಳಿಸಿದವನೇ ನೀನು ನಿಯಮ ಮಾಡಿದೆ. ನಾನಲ್ಲ, ನೀನು.

“ಇನ್ಮೇಲೆ ಬುಡದಲ್ಲೇ ಕೇಳೋದು. ಕಾಲು, ಉಸಿರು, ಹೊಟ್ಟೆ. ಒಬ್ಬ ‘ಇಲ್ಲ’ ಅಂದ್ರೂ ಯಾರೂ ಹತ್ತೋ ಹಾಗಿಲ್ಲ. ಎಲ್ಲರೂ ಬುಡದಲ್ಲೇ ಕೂತು, ತಿಂದು, ವಾಪಸ್ಸು. ರಾಘು ಇನ್ಸ್‌ಪೆಕ್ಟರ್ ತಾನೇ? ಅವನೇ ಕೇಳ್ಲಿ.”

ಅದು ನಮ್ಮ ಕಾರ್ಖಾನೆಯ ಪದ್ಧತಿಯನ್ನೇ ಬೆಟ್ಟಕ್ಕೆ ತಂದದ್ದು. ಇಂಜಿನ್ನನ್ನು ಪರೀಕ್ಷೆಗೆ ಚಾಲೂ ಮಾಡುವ ಮೊದಲು, ಇನ್ಸ್‌ಪೆಕ್ಟರಾದ ನಾನು ಒಂದೊಂದೇ ಭಾಗದ ಹೆಸರು ಹೇಳುತ್ತಿದ್ದೆ. ಫೋರ್‌ಮನ್ನಾದ ನೀನು ಅದನ್ನು ಕೈಯಿಂದ ಮುಟ್ಟಿ ‘ಸರಿ’ ಎನ್ನುತ್ತಿದ್ದೆ. ತಲೆ ಆಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ನೀನು ‘ಸರಿ’ ಎಂದದ್ದನ್ನು ನಾನು ಮತ್ತೆ ಮುಟ್ಟಿ ನೋಡಿದ್ದಿಲ್ಲ. ನೋಡಬೇಕಾಗಿ ಬಂದಿದ್ದರೆ ಅಷ್ಟು ವರ್ಷ ಆ ಇಂಜಿನ್ನಿನ ಪಕ್ಕದಲ್ಲಿ ಇಬ್ಬರೂ ಜೊತೆಯಾಗಿ ನಿಲ್ಲಲು ಆಗುತ್ತಿತ್ತೇ?

ಶಿವಗಂಗೆಯ ಬುಡದಲ್ಲಿ ಒಮ್ಮೆ ನಾನೇ ‘ಇಲ್ಲ’ ಎಂದಿದ್ದೆ. ಹಿಂದಿನ ದಿನ ಯಾವುದೋ ಮದುವೆಯಲ್ಲಿ ಉಂಡು ಹೊಟ್ಟೆ ಕೆಟ್ಟಿತ್ತು. ಅಷ್ಟು ದೂರ ಎಲ್ಲರನ್ನೂ ಎಬ್ಬಿಸಿಕೊಂಡು ಬಂದು ಹೀಗೆನ್ನಲು ನಾಚಿಕೆಯಾಗಿ, “ನೀವಿಬ್ಬರೂ ಹತ್ತಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ” ಎಂದೆ. ನೀನು ಚೀಲವನ್ನು ಹುಣಸೆ ಮರದ ಕೆಳಗೆ ಎಸೆದು ಕಾಲು ಚಾಚಿದೆ. “ಬೆಟ್ಟ ಎಲ್ಲೂ ಓಡಿಹೋಗಲ್ಲ ಗುರು. ಇವತ್ತು ಈ ಮರಾನೇ ತುದಿ” ಎಂದೆ. ಶಾರದಮ್ಮನವರ ಪುಳಿಯೋಗರೆಯ ಡಬ್ಬಿ ಬಿಚ್ಚಿ, ನನಗೆ ಮೊಸರನ್ನ ಮಾತ್ರ ಕೊಟ್ಟು, ಉಳಿದದ್ದನ್ನು ನೀವಿಬ್ಬರೂ ನನ್ನ ಎದುರಿಗೇ ಕೂತು ಮುಗಿಸಿದಿರಿ. ಆ ದಿನ ನಾವು ನಕ್ಕಷ್ಟು ಯಾವ ಬೆಟ್ಟದ ತುದಿಯಲ್ಲೂ ನಕ್ಕಿರಲಿಲ್ಲ. ಮುಕುಂದ, ಆ ಮರದ ಕೆಳಗೆ ಆ ಮಾತು ಹೇಳಿದವನು ನೀನೇ ತಾನೆ? ಹಾಗಾದರೆ ಅದು ನನ್ನ ಹೊಟ್ಟೆಗೆ ಅನ್ವಯಿಸುತ್ತಿತ್ತು, ನಿನ್ನ ಎದೆಗೆ ಅನ್ವಯಿಸುತ್ತಿರಲಿಲ್ಲವೇ?

ಅಂತರಗಂಗೆಗೆ ಹೊರಟ ಬೆಳಿಗ್ಗೆ ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ರಹಮತ್ ಬಂದಿದ್ದ. ಹಬ್ಬದ ಬಟ್ಟೆಗಳ ಕೆಲಸ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಅವನು ನಮ್ಮ ಜೊತೆ ಬರುವಂತಿರಲಿಲ್ಲ. ಉಪವಾಸದ ದಿನ, ನಿದ್ದೆಗೆಟ್ಟ ಕಣ್ಣಿನಲ್ಲಿ ಬಸ್ಸಿನ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದ.

“ಇವತ್ತು ಬೇಡ ಭಾಯ್. ಈದ್ ಮುಗೀಲಿ, ನಾನೂ ಬರ್ತೀನಿ. ಒಟ್ಟಿಗೇ ಹೋಗೋಣ.”

“ನೀನು ಈದ್ ಬಟ್ಟೆ ಹೊಲಿದು ಮುಗ್ಸೋದ್ರೊಳಗೆ ನಾವು ಹಿಮಾಲಯ ಹತ್ತಿ ಬಂದಿರ್ತೀವಿ. ಹೋಗು, ಹೋಗಿ ಕಾಜ ಹಾಕು.”

ನಾನೂ ನಕ್ಕೆ. ಅವನು ನಗಲಿಲ್ಲ. ಬಸ್ಸು ಹೊರಟ ಮೇಲೂ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ಬಂದ. ಟೈಲರ್‌ಗೆ ಇಂದು ಬೆಟ್ಟದ ಆಸೆ ಹೆಚ್ಚಾಗಿದೆ ಎಂದುಕೊಂಡೆ. ನೀನು ಆವತ್ತು ಊಟದ ಡಬ್ಬಿ ತಂದಿರಲಿಲ್ಲ. ಸ್ಟ್ಯಾಂಡಿನಲ್ಲಿ ಒಂದು ಬನ್ನು ತಿಂದು ಟೀ ಕುಡಿದೆ. ಏಕೆಂದು ನಾನು ಕೇಳಿದ್ದಕ್ಕೆ, “ಮನೇಲಿ ಅಡುಗೆಯವರ ಮುಷ್ಕರ” ಎಂದೆ. ಹಲಸೂರು ದಾಟಿತು, ಕೃಷ್ಣರಾಜಪುರ ದಾಟಿತು; ನೀನು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದೆ. ಬಸ್ಸಿನಲ್ಲಿ ನೀನು ಎಂದಾದರೂ ನಿದ್ದೆ ಮಾಡಿದ್ದುಂಟೇ?

ಬುಡದಲ್ಲಿ ಮೋಡ ಕವಿದಿತ್ತು. ನಮ್ಮ ವಿಭಾಗದ ಇಬ್ಬರು ಕಿರಿಯ ಸಹೋದ್ಯೋಗಿಗಳೂ ಜೊತೆಗಿದ್ದರು. ಅವರನ್ನು ಕೇಳಿದೆ. ಕೊನೆಗೆ ನಿನ್ನನ್ನು ಕೇಳಿದೆ. “ಕಾಲು?” “ಸರಿ.” “ಉಸಿರು?” ನನ್ನ ಕಣ್ಣನ್ನೇ ನೋಡುತ್ತಾ ನೀನು “ಸರಿ” ಎಂದು ಹೇಳಿದೆ, ಮುಕುಂದ. ಒಂದು ಕ್ಷಣವೂ ತಡಮಾಡಲಿಲ್ಲ. “ಹೊಟ್ಟೆ?” ಎಂದದ್ದಕ್ಕೆ, “ಹಸಿವು ಬಿಟ್ಟು ಎಲ್ಲಾ ಸರಿ ಇನ್ಸ್‌ಪೆಕ್ಟರ್ರೇ, ಸರ್ಟಿಫಿಕೇಟ್ ಕೊಡಿ, ಹೊರಡೋಣ” ಎಂದೆ.

ದೇವಸ್ಥಾನದ ಮೆಟ್ಟಿಲು ಮುಗಿದು, ಬಂಡೆಗಳ ಸಂದಿಯ ದಾರಿಯಲ್ಲಿ ನೀನು ಇದ್ದಕ್ಕಿದ್ದಂತೆ ಕೂತೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಹೋದ್ಯೋಗಿಗಳಿಬ್ಬರನ್ನೂ ಜನ ಕರೆತರಲು ಕೆಳಗೆ ಓಡಿಸಿದೆ. ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮಾತು ಹೊರಡುತ್ತಿರಲಿಲ್ಲ. ನಿನ್ನ ಬಲಗೈ ಎದೆಯ ಮೇಲೆ ಹೋಯಿತು. ನೋವೆಂದು ತಿಳಿದು ಅಂಗಿಯ ಗುಂಡಿಗಳನ್ನು ಬಿಚ್ಚಿ ಗಾಳಿ ಬೀಸಿದೆ. ನೀನು ತಲೆ ಅಲ್ಲಾಡಿಸಿದೆ. ಕೈ ಮತ್ತೆ ಅಲ್ಲಿಗೇ ಹೋಯಿತು. ನಾನು ಆ ಕೈಯನ್ನು ಹಿಡಿದುಕೊಂಡೆ. ಸಮಾಧಾನ ಮಾಡುತ್ತಿದ್ದೇನೆಂದುಕೊಂಡು ಬಿಗಿಯಾಗಿ ಹಿಡಿದುಕೊಂಡೆ. ನೀನು ಅದನ್ನು ಬಿಡಿಸಿಕೊಳ್ಳಲು ನೋಡಿದೆ, ಆಮೇಲೆ...

ಎಲ್ಲ ಮುಗಿದ ಮೇಲೆ, ಜನ ಬರುವ ಮುನ್ನ, ತೆರೆದ ಗುಂಡಿಗಳನ್ನು ಮತ್ತೆ ಹಾಕುತ್ತಿದ್ದೆ. ಅಂಗಿಯ ಒಳಮೈಯಲ್ಲಿ, ಎಡಗಡೆ, ಬೆರಳಿಗೆ ಏನೋ ತಗುಲಿತು. ಹೊರಗಿನಿಂದ ಕಾಣದ ಸಣ್ಣ ಜೇಬು. ಅದರೊಳಗೆ ಕಿರುಬೆರಳಿನಷ್ಟು ಗಾಜಿನ ಸೀಸೆ, ಬಿಳಿಯ ಮಾತ್ರೆಗಳು. ಅಂಥ ಮಾತ್ರೆಯನ್ನು ನಮ್ಮಣ್ಣ ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದುದನ್ನು ನಾನು ನೋಡಿದವನು. ನೀನು ನೋವನ್ನು ತೋರಿಸುತ್ತಿರಲಿಲ್ಲ, ಜೇಬನ್ನು ತೋರಿಸುತ್ತಿದ್ದೆ. ಆ ಮಾತ್ರೆ ನಿನ್ನನ್ನು ಉಳಿಸುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ತಿಳಿಯದ್ದನ್ನು ನಾನು ಬರೆಯುವುದಿಲ್ಲ. ಆದರೆ ಅದನ್ನು ನಿನ್ನ ಬಾಯಿಗೆ ಇಡುವಷ್ಟು ಕೆಲಸ ನನ್ನಿಂದ ಆಗುತ್ತಿರಲಿಲ್ಲವೇ? ಅದಕ್ಕೆ ಬೇಕಿದ್ದದ್ದು ಬುಡದಲ್ಲಿ ನೀನು ಹೇಳಬೇಕಾಗಿದ್ದ ಒಂದೇ ಒಂದು ವಾಕ್ಯ. ನೀನು ಸಾಯುವಾಗ ನಾನು ನಿನ್ನ ಔಷಧಿಯ ಪಕ್ಕದಲ್ಲೇ ಕೈ ಇಟ್ಟುಕೊಂಡು ಗಾಳಿ ಬೀಸುತ್ತಾ ಕೂತಿದ್ದೆ. ನನ್ನನ್ನು ಹಾಗೆ ಕೂರಿಸಿದವನು ನೀನು. ಇದನ್ನು ನಾನು ಕ್ಷಮಿಸಿಲ್ಲ.

ಆ ಜೇಬಿನ ಹೊಲಿಗೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಚೀಲಗಳಲ್ಲಿ ಹತ್ತಾರು ವರ್ಷ ಅದೇ ಹೊಲಿಗೆಯನ್ನು ನೋಡಿದ್ದೇನೆ. ಸೀಸೆಯನ್ನು ಯಾರಿಗೂ ತೋರಿಸದೆ ನನ್ನ ಬಳಿಯೇ ಇಟ್ಟುಕೊಂಡೆ.

ವೈಕುಂಠ ಸಮಾರಾಧನೆಯ ದಿನ, ಎಲೆ ಹಾಕುವ ಮುನ್ನ, ಶಾರದಮ್ಮನವರು ನಡುಮನೆಗೆ ಬಂದು ಎಲ್ಲ ನೆಂಟರ ಎದುರಿಗೆ ನನ್ನ ಮುಂದೆ ನಿಂತರು. “ಎಲ್ಲರನ್ನೂ ಕೇಳಿ ಹತ್ತಿಸೋರು ನೀವು. ನಮ್ಮನೆಯವರನ್ನ ಯಾಕೆ ಕೇಳ್ಲಿಲ್ಲ?” ಎಂದರು. ಅಲ್ಲಿಯವರೆಗೆ ನಾನು ಅವರಿಗೆ ‘ರಾಘಣ್ಣ’ ಆಗಿದ್ದೆ. ಆವತ್ತು ಬರಿಯ ‘ನೀವು’ ಆದೆ. ನನ್ನ ಬಳಿ ಉತ್ತರವಿತ್ತು. ಕೇಳಿದೆ, ಅವನು ಸುಳ್ಳು ಹೇಳಿದ ಎಂದರೆ ಮುಗಿಯುತ್ತಿತ್ತು. ನಿನ್ನ ಸಮಾರಾಧನೆಯ ದಿನ, ನಿನ್ನ ಪಟದ ಮುಂದೆ, ಅದನ್ನು ಹೇಗೆ ಹೇಳಲಿ? ತಲೆ ತಗ್ಗಿಸಿದೆ. ಅದನ್ನು ಅವರು ಒಪ್ಪಿಗೆಯೆಂದು ತಿಳಿದರು. ತಿಳಿಯಲಿ, ಅವರಿಗೆ ಒಬ್ಬ ತಪ್ಪಿತಸ್ಥ ಬೇಕು, ನಾನು ಆಗುತ್ತೇನೆ ಎಂದುಕೊಂಡು ಒಂದು ವರ್ಷ ಸುಮ್ಮನಿದ್ದೆ. ಕಾರ್ಖಾನೆಯಲ್ಲಿ ಜನ “ಪುಣ್ಯವಂತ, ಇಷ್ಟಪಟ್ಟ ಬೆಟ್ಟದ ಮೇಲೇ ಹೋದ” ಎನ್ನುವಾಗಲೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ನಿನ್ನ ವರ್ಷಾಬ್ದಿಕ ಮುಗಿದ ಮರುದಿನ, ನಿನ್ನ ಮಗಳು ವಸಂತಾ ಇಂದಿರಾನಗರದ ನಮ್ಮ ಮನೆಗೆ ಬಂದಳು. ಹಲಸೂರಿನ ಶಾಲೆಯಿಂದ ನೇರವಾಗಿ ಬಂದಿದ್ದಳು, ಕೈಬೆರಳಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಕಾಫಿ ಮುಟ್ಟದೆ ಕೇಳಿದಳು.

“ಮಾಮ, ಅಪ್ಪ ಅವತ್ತು ಏನಾದ್ರೂ ತಿಂದಿದ್ರಾ?”

“ಬಸ್ ಸ್ಟ್ಯಾಂಡಿನಲ್ಲಿ ಒಂದು ಬನ್ನು. ಟೀ.”

“ಅಷ್ಟೇನಾ?” ಎಂದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: “ಅಮ್ಮ ನಿಮ್ಮನ್ನ ಬೈತಾಳೆ ಅಂತ ಎಲ್ಲರಿಗೂ ಗೊತ್ತು. ಆದ್ರೆ ಅವಳು ನಿಜವಾಗ್ಲೂ ಬೈಕೊಳ್ಳೋದು ತನ್ನನ್ನೇ ಮಾಮ. ಅವತ್ತು ಬೆಳಿಗ್ಗೆ ಜಗಳ ಆಗಿತ್ತು. ಆ ವಾರವೆಲ್ಲಾ ಅಪ್ಪ ಸುಸ್ತಾಗಿದ್ರು. ಇದೊಂದು ಭಾನುವಾರ ಮನೇಲಿರಿ ಅಂದ್ಲು. ನಂಗೇನೂ ಆಗಿಲ್ಲ, ಸುಮ್ನೆ ತಲೆ ತಿನ್ಬೇಡ ಅಂದ್ರು ಅಪ್ಪ. ಇವಳಿಗೂ ಸಿಟ್ಟು ಬಂತು. ‘ಹೋಗಿ, ಅಲ್ಲೇ ಇದ್ಬಿಡಿ, ಬರ್ಲೇಬೇಡಿ’ ಅಂದ್ಬಿಟ್ಲು. ಡಬ್ಬಿ ಕಟ್ಟಲಿಲ್ಲ.”

ಆರುತ್ತಿದ್ದ ಕಾಫಿಯ ಲೋಟವನ್ನು ಅವಳ ಕಡೆಗೆ ಸರಿಸಿದೆ.

“ಬರೀ ಹೊಟ್ಟೇಲಿ ಕಳಿಸ್ದೆ, ಮೇಲೆ ಶಾಪ ಬೇರೆ ಹಾಕ್ದೆ, ಹೋಗ್ಬಿಟ್ರು ಅಂತಾಳೆ. ಭಾನುವಾರ ಬಂದ್ರೆ ನೀರು ಬಿಟ್ಟು ಏನೂ ಮುಟ್ಟಲ್ಲ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಟೇಬಲ್ ಮುಂದೆ ಕೂತಲ್ಲೇ ತಲೆಸುತ್ತಿ ಬಿದ್ಲು ಹೋದ ತಿಂಗಳು. ಹಸಿವಿಗೆ ಯಾರಾದ್ರೂ ಹಾಗೆ ಸಾಯ್ತಾರಾ ಮಾಮ? ನೀವು ಜೊತೇಲಿದ್ರಿ, ನೀವೇ ಹೇಳಿ.”

ಇಲ್ಲ, ಹಸಿವಿಗೆ ಅಲ್ಲ ಎಂದಷ್ಟೇ ಹೇಳಿ ಕಳಿಸಿದೆ. ಅರ್ಧ ಗೊತ್ತಿರುವುದನ್ನು ಪೂರ್ತಿ ಗೊತ್ತಿರುವಂತೆ ಹೇಳುವ ಅಭ್ಯಾಸ ನನಗಿಲ್ಲ. ಉಳಿದರ್ಧ ರಹಮತ್ ಬಳಿ ಇತ್ತು. ನೋಡಿದೆಯಾ ಮುಕುಂದ, ಆ ಮನೆಯಲ್ಲಿ ನಿನ್ನ ಕಾಯಿಲೆಯನ್ನು ಹೆಸರು ತಿಳಿಯದೆಯೂ ಗುರುತಿಸಿದವರು ಶಾರದಮ್ಮನವರೊಬ್ಬರೇ. ನಿನ್ನನ್ನು ತಡೆದವರು ಅವರೊಬ್ಬರೇ. ಅವರನ್ನು ನೀನು ಕೊಲೆಗಾರ್ತಿಯ ಜಾಗದಲ್ಲಿ ಕೂರಿಸಿ ಹೋದೆ.

ನಿನ್ನೆ ರಹಮತ್‌ನ ಅಂಗಡಿಗೆ ಹೋಗಿ, ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆ ಸೀಸೆಯನ್ನು ಇಟ್ಟೆ. ಅವನು ಕತ್ತರಿ ಕೆಳಗಿಟ್ಟ. ಸೀಸೆಯನ್ನು ಕೈಗೆತ್ತಿಕೊಂಡ.

“ಇಷ್ಟು ದಿನ ಯಾಕೆ ಕೇಳ್ಲಿಲ್ಲ?” ಎಂದ.

“ನೀನೇ ಹೇಳಲಿ ಅಂತ.”

ಹೇಳಿದ. ನೀನು ಪ್ಯಾಂಟಿನ ಅಳತೆ ಕೊಡಲು ಬಂದವನು ಆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತದ್ದು. ಅವನೇ ನಿನ್ನನ್ನು ಶಿವಾಜಿನಗರದ ಡಾಕ್ಟರ ಬಳಿ ನಡೆಸಿಕೊಂಡು ಹೋದದ್ದು. ಬೆಟ್ಟ ಗಿಟ್ಟ ಇನ್ನು ಮರೆತುಬಿಡಿ ಎಂದು ಅವರು ಹೇಳಿದ್ದು. ಹೊರಗೆ ಬಂದು ನೀನು ಅವನ ಕೈ ಹಿಡಿದು ಆಣೆ ಹಾಕಿಸಿಕೊಂಡದ್ದು. “ಜೇಬಾದ್ರೂ ಹೊಲೀತೀನಿ, ಮಾತ್ರೆ ಮೈಮೇಲೇ ಇರ್ಲಿ ಅಂದೆ ಭಾಯ್. ಅಷ್ಟಕ್ಕೆ ಮಾತ್ರ ಒಪ್ಕೊಂಡ.”

“ನನಗೆ ಯಾಕೆ ಹೇಳಬೇಡ ಅಂದ?”

ರಹಮತ್ ನನ್ನ ಮುಖ ನೋಡದೆ ಹೇಳಿದ. “ರಾಘುಗೆ ಹೇಳಿದ್ರೆ ಬುಡದಲ್ಲಿ ಕೇಳ್ತಾನೆ, ನಾನು ‘ಇಲ್ಲ’ ಅನ್ಬೇಕು. ಇನ್ಮೇಲೆ ಪ್ರತಿ ಸಲಾನೂ ‘ಇಲ್ಲ’ ಅನ್ಬೇಕು. ಒಬ್ಬ ಇಲ್ಲ ಅಂದ್ರೆ ಯಾರೂ ಹತ್ತೋ ಹಾಗಿಲ್ಲವಲ್ಲ. ನನ್ನಿಂದ ನಿಮ್ಮೆ‍ಲ್ಲರ ಬೆಟ್ಟ ನಿಂತುಹೋಗುತ್ತೆ ಅಂದ.”

ಇದನ್ನು ಕೇಳಿ ನನ್ನ ಕೋಪ ಇಳಿಯಬೇಕಾಗಿತ್ತು. ಏರಿತು. ನೀನೇ ಮಾಡಿದ ನಿಯಮದಿಂದ ತಪ್ಪಿಸಿಕೊಳ್ಳಲು ನಿನಗೆ ಸುಳ್ಳೊಂದೇ ದಾರಿ ಕಂಡಿತೇ? ನಿಯಮವನ್ನು ಬದಲಿಸೋಣ ಎಂದು ಒಂದು ಮಾತು ಹೇಳಬಾರದಿತ್ತೇ? ನಮಗೆ ಬೆಟ್ಟದ ತುದಿ ಬೇಕಾಗಿತ್ತೆಂದು ನಿನಗೆ ಯಾರು ಹೇಳಿದರು? ತುದಿಯಲ್ಲಿ ಏನಿರುತ್ತದೆ, ಗಾಳಿ ಮತ್ತು ಬಂಡೆ. ನಾನು ಭಾನುವಾರ ಮನೆ ಬಿಟ್ಟು ಹೊರಡುತ್ತಿದ್ದದ್ದು ನಿನ್ನ ಜೊತೆ ಕೂತು ಪುಳಿಯೋಗರೆ ತಿನ್ನುವುದಕ್ಕೆ. ಸಾಯುವವರೆಗೂ ಮರಗಳ ಕೆಳಗೇ ಕೂರಬೇಕಾಗಿ ಬಂದಿದ್ದರೂ ಕೂರುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಇದನ್ನು ನಾನು ನಿನಗೆ ಬಾಯಿಬಿಟ್ಟು ಹೇಳಬೇಕಾಗಿತ್ತೇ? ನಿನಗೆ ತಿಳಿದಿರಲಿಲ್ಲವೇ?

ಶಾರದಮ್ಮನವರಿಗೆ ಹೇಳಬೇಕೆಂದು ನಾನೆಂದಾಗ ರಹಮತ್ ತಲೆ ಅಲ್ಲಾಡಿಸಿದ. “ಮಾತು ಕೊಟ್ಟಿದೀನಿ.”

“ಕೊಟ್ಟದ್ದು ಅವನಿಗೆ. ಅವನೇ ಇಲ್ಲ.”

“ಅದಕ್ಕೇ ಭಾಯ್. ಇದ್ದಿದ್ರೆ ವಾಪಸ್ ಇಸ್ಕೋಬಹುದಿತ್ತು.”

ನಾನು ಅವನಿಗೆ ವಸಂತಾ ಹೇಳಿದ್ದನ್ನೆಲ್ಲ ಹೇಳಿದೆ. ಕಟ್ಟದ ಡಬ್ಬಿ, ಭಾನುವಾರಗಳ ಉಪವಾಸ, ತಲೆಸುತ್ತಿ ಬಿದ್ದದ್ದು. ಅವನು ಮೇಜಿನ ಅಂಚು ಹಿಡಿದುಕೊಂಡು ಕೂತ. “ಯಾ ಅಲ್ಲಾ” ಎಂದ. ಆಮೇಲೆ, “ಹೇಳಿದ್ರೆ ಅವರು ಮುಕುಂದನ್ನ ಬೈತಾರೆ. ಸತ್ತೋನು, ಎದ್ದು ಬಂದು ಜವಾಬು ಕೊಡೋಕಾಗಲ್ಲ” ಎಂದ.

“ಬೈಯಲಿ. ನಾನೂ ಬೈಯುತ್ತಿದ್ದೇನೆ” ಎಂದೆ.

ಅವನು ಕೊನೆಗೆ ಹೇಳಿದ್ದು ಇದು: “ನನ್ನ ಬಾಯಿಂದ ಬರಲ್ಲ ರಾಘು. ನೀನು ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ. ನಿಜಾನಾ ಅಂತ ಅವರು ಕೇಳಿದ್ರೆ ಸುಳ್ಳು ಹೇಳಲ್ಲ.”

ಶಾರದಮ್ಮನವರ ಕೋಪಕ್ಕೆ ಸರಿಯಾದ ವಿಳಾಸ ನೀನು, ಮುಕುಂದ. ಒಂದು ವರ್ಷದಿಂದ ಅದು ದಾರಿ ತಪ್ಪಿ ಅವರ ಮೇಲೇ ಬೀಳುತ್ತಿದೆ. ನಾಳೆಯಿಂದ ಆ ಮನೆಯಲ್ಲಿ ನಿನ್ನ ಪಟಕ್ಕೆ ಹೂವು ಬೀಳದಿರಬಹುದು. ಒಂದಷ್ಟು ಕಾಲ ನಿನ್ನ ಹೆಸರೆತ್ತಿದರೆ ಅವರು ಎದ್ದು ಒಳಗೆ ಹೋಗಬಹುದು. ನನ್ನನ್ನೂ ಬಾಗಿಲಿಂದ ಆಚೆಗೆ ಕಳಿಸಬಹುದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುವ ಹಕ್ಕು ಅವರಿಗಿದೆ. ಅದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಿಸಿದ್ದೇನೆ. ನಿನ್ನ ಅಭಿಪ್ರಾಯ ಕೇಳುತ್ತಿಲ್ಲ.

ನಾಳೆ ಭಾನುವಾರ. ಬೆಳಿಗ್ಗೆ ರಹಮತ್‌ನನ್ನು ಕರೆದುಕೊಂಡು ಜೀವನ್ ಬಿಮಾ ನಗರದ ನಿಮ್ಮ ಮನೆಗೆ ಹೋಗುತ್ತೇನೆ. ನಿನಗೆ ಕಾಯಿಲೆಯಿತ್ತೆಂದೂ, ಅದು ನಿನಗೆ ಗೊತ್ತಿತ್ತೆಂದೂ, ನೀನು ಅದನ್ನು ಮುಚ್ಚಿಟ್ಟು ಹತ್ತಿದೆಯೆಂದೂ ಶಾರದಮ್ಮನವರಿಗೆ ಹೇಳುತ್ತೇನೆ.

ರಾಘವೇಂದ್ರ